ಬಾಲದ ಕಪ್ಪೆಯ ಬಾಲ

ಕಪ್ಪೆಗೆ ಬಾಲವಿಲ್ಲ ಎನ್ನುವುದು ಕೈಕೂಸಿಗೂ ಗೊತ್ತಿರುವ ಸಂಗತಿ. ಅಂಥ ಪ್ರಾಣಿಯ ಬಾಲ ಕಳೆದುಹೋಯಿತೆಂದು ಒಬ್ಬ ಸಂಸಾರಸ್ಥ ಊಟ ನಿದ್ದೆ ಬಿಟ್ಟು, ಹೆಂಡತಿಯಿಂದ ಬೈಸಿಕೊಂಡು, ಎದುರುಮನೆಯ ಬೆಕ್ಕಿನ ಮೇಲೆ ಅಪವಾದ ಹೊರಿಸಿ, ಕೊನೆಗೆ ದರ್ಜಿಯ ಕೈಕಾಲು ಹಿಡಿದ ಎಂದರೆ ಹೊರಗಿನವರು ನಂಬುವುದಿಲ್ಲ. ಆ ಸಂಸಾರಸ್ಥನ ಹೆಸರು ಅಂದಾಜಪ್ಪ ಎಂದು ಹೇಳಿಬಿಟ್ಟರೆ ಊರಿನವರು ಮಾತ್ರ ಮರುಮಾತಿಲ್ಲದೆ ನಂಬುತ್ತಾರೆ.

ಅಂದಾಜಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಪ್ಪೆ ಮೇಷ್ಟ್ರು ಇಟ್ಟದ್ದು. ಮೇಷ್ಟ್ರಿಗೂ ಬೇರೆ ಹೆಸರಿತ್ತು, ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಅವರಿಗೆ ಜಗತ್ತಿನಲ್ಲಿ ಪ್ರೀತಿ ಇದ್ದದ್ದು ಎರಡೇ ವಸ್ತುಗಳ ಮೇಲೆ: ಒಂದು ಅವರ ಮಗಳು, ಇನ್ನೊಂದು ಕಪ್ಪೆಗಳಲ್ಲೆಲ್ಲ ಅತಿ ಪುರಾತನವಾದ ಕುಟುಂಬ. ಮಗಳಿಗೆ ಜ್ವರ ಬಂದಾಗಲೂ ಅವರು ರಜೆ ಹಾಕಿದವರಲ್ಲ, ಆದರೆ ಆ ಕಪ್ಪೆಗಳ ಪಾಠದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.

ಆ ಪಾಠ ಹೀಗೆ ಶುರುವಾಗುತ್ತಿತ್ತು. "ಲೋಕದ ಕಪ್ಪೆಗಳೆಲ್ಲ ಮುಂದೆ ಹೋದ್ವು. ಇವು ಮಾತ್ರ ಹಳೇ ಚಾಳಿ ಬಿಡದೆ ಬೆಟ್ಟದ ತಣ್ಣೀರಿನ ತೊರೇಲಿ ಕೂತಿವೆ. ವಟಗುಟ್ಟಲ್ಲ. ಈಜುವಾಗ ಎರಡು ಕಾಲೂ ಒಟ್ಟಿಗೆ ಒದೆಯಲ್ಲ, ಒಂದಾದ ಮೇಲೆ ಒಂದು ಒದೀತಾವೆ. ಬಾಲ ಹೋಗಿ ಯುಗಗಳಾಯ್ತು, ಆದರೆ ಬಾಲ ಆಡಿಸೋ ಸ್ನಾಯು ಇನ್ನೂ ಬಿಟ್ಟಿಲ್ಲ, ಹಿಂದೆ ಹಾಗೇ ಇಟ್ಕೊಂಡಿವೆ." ಒಂದು ವರ್ಷ ಇಷ್ಟು ಹೇಳಿ ಮೇಷ್ಟ್ರು ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದರು. "ಬೇರೆ ಕಪ್ಪೆಗಳಿಗೆ ಸೊಂಟದ ಮೂಳೆಗೆ ಮುಂಚೆ ಬೆನ್ನುಮೂಳೆ ಎಂಟು, ಇಲ್ಲಾ ಅದಕ್ಕಿಂತ ಕಮ್ಮಿ. ಇವಕ್ಕೆ ಎಷ್ಟು?"

ಬೆರಳಿನ ತುದಿಯಲ್ಲಿ ಸಿಕ್ಕವನು ನಮ್ಮವನು. ಎದ್ದು ನಿಂತು, "ಅಂದಾಜು ಎಂಟೋ ಒಂಬತ್ತೋ ಇರ್ಬೋದು ಸಾರ್" ಎಂದ.

"ಎಂಟೋ ಒಂಬತ್ತೋ? ಆ ಒಂದು ಮೂಳೆ ಮೇಲೆ ಇಡೀ ವರ್ಗೀಕರಣ ನಿಂತಿದೆ ಕಣೋ! ಅದನ್ನ ಅಂದಾಜು ಅಂತೀಯಾ? ಹೊರಗೆ ನಡಿ, ಅಂದಾಜಪ್ಪ!"

ಅಂದಾಜಪ್ಪ ಹೊರಗೆ ನಡೆದ. ವರಾಂಡದ ಕಂಬಕ್ಕೆ ಒರಗಿ ನಿಂತ. ಒಳಗಿನಿಂದ "ಬಾಲ, ಬಾಲ" ಎಂದು ನಾಲ್ಕೈದು ಸಲ ಕೇಳಿಸಿತು, ಆಮೇಲೆ ಹುಡುಗರ ನಗು ಕೇಳಿಸಿತು, ಆಮೇಲೆ ಗಂಟೆ ಹೊಡೆಯಿತು. ಮೇಷ್ಟ್ರು ಅವನನ್ನು ಒಳಗೆ ಕರೆಯುವುದನ್ನು ಮರೆತೇಬಿಟ್ಟರು. ಪರೀಕ್ಷೆಯಲ್ಲಿ ಅವನು ಅಂದಾಜಿನಲ್ಲೇ ಬರೆದ, ಪರೀಕ್ಷಕರು ಅಂದಾಜಿನಲ್ಲೇ ಫೇಲು ಮಾಡಿದರು. ಓದು ಅಲ್ಲಿಗೆ ಮುಗಿದು, ಅದೇ ಕಾಲೇಜಿನಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿತು.

ಹಾಗೆಂದು ಮೇಷ್ಟ್ರಿಗೂ ಅವನಿಗೂ ನಂಟು ತಪ್ಪಲಿಲ್ಲ. ಮೇಷ್ಟ್ರು ಪಾಠ ಹೇಳುತ್ತಿದ್ದ ಮ್ಯೂಸಿಯಂ ಕೋಣೆಯಲ್ಲಿ ಎರಡು ಜಾಡಿಗಳಿದ್ದವು, ಕಡಲಾಚೆಯ ಗೆಳೆಯರು ಕಳಿಸಿದವು. ಒಂದರಲ್ಲಿ ಆ ಪುರಾತನ ಕುಟುಂಬದ, 'ಬಾಲದ ಕಪ್ಪೆ' ಎಂದು ಹೆಸರಾದ ಕಪ್ಪೆ. ಇನ್ನೊಂದರಲ್ಲಿ ಅದರ ದಾಯಾದಿ ಎನ್ನಬಹುದಾದ, ಬೇರೆಯೇ ನಾಡಿನ ಕಪ್ಪೆ. ಇವೆರಡೂ ಒಂದೇ ಕುಟುಂಬವೋ ಬೇರೆ ಬೇರೆಯೋ ಎನ್ನುವುದು ವಿದ್ವಾಂಸರ ನಡುವೆ ಬಗೆಹರಿಯದ ವ್ಯಾಜ್ಯ. ಒಂದು ಹೊಸ ಪುಸ್ತಕ ಬಂದು "ಬೇರೆ" ಎಂದರೆ ಮೇಷ್ಟ್ರು ಸ್ಟೋರಿನ ಬಾಗಿಲಿಗೆ ಬಂದು, "ಬಾರೋ ಅಂದಾಜಪ್ಪ, ಪಾಲಾಯ್ತು" ಎನ್ನುವರು. ಇವನು ಒಂದು ಜಾಡಿಯನ್ನು ಆಚೆ ಗೋಡೆಯ ಬೀರುವಿಗೆ ಹೊತ್ತು ಹಾಕುವನು. ಇನ್ನೊಂದು ಪುಸ್ತಕ ಬಂದು "ಒಂದೇ" ಎಂದರೆ ಮತ್ತೆ ಈಚೆಗೆ ಹೊರುವನು. ಹೊರುವಾಗಲೆಲ್ಲ ಮೇಷ್ಟ್ರು ಹಿಂದಿನಿಂದ, "ಕಾಲು ನೋಡ್ಕೊಂಡು ನಡಿ, ಕಾಲು ನೋಡ್ಕೊಂಡು" ಎಂದು ಕೂಗುತ್ತಿದ್ದರು. ಇವನು ಕಾಲನ್ನೇ ನೋಡಿಕೊಂಡು ನಡೆದ. ಕೈಯಲ್ಲಿದ್ದ ಕಪ್ಪೆಯನ್ನು ಒಂದು ಸಲವೂ ನೋಡಲಿಲ್ಲ. ಜಾಡಿ ಇಟ್ಟಾದ ಮೇಲೆ ಇಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಮೇಷ್ಟ್ರು ನಿವೃತ್ತರಾದ ಮೇಲೆ ಜಾಡಿಗಳನ್ನು ಹೊರುವ ಕೆಲಸ ಇಲ್ಲವಾಯಿತು. ಅಂದಾಜಪ್ಪನಿಗೆ ಆ ಟೀಯ ರುಚಿ ಮತ್ತೆ ಯಾವ ಲೋಟದಲ್ಲೂ ಸಿಗಲಿಲ್ಲ.

ಈಗ ಪ್ರಾಣಿಶಾಸ್ತ್ರಕ್ಕೆ ಹುಡುಗರು ಬರುವುದು ನಿಂತು, ಮ್ಯೂಸಿಯಂ ಕೋಣೆಯನ್ನು ಕಂಪ್ಯೂಟರ್ ಕೋಣೆ ಮಾಡುವುದೆಂದೂ ಜಾಡಿಗಳನ್ನು ಯೂನಿವರ್ಸಿಟಿಗೆ ಕಳಿಸುವುದೆಂದೂ ತೀರ್ಮಾನವಾಯಿತು. ಅಳಿದೂರಿಗೆ ಉಳಿದವನೇ ಗೌಡ ಎಂಬಂತೆ, ಜಾಡಿಗಳ ಪೂರ್ತಿ ಜವಾಬ್ದಾರಿ ಸ್ಟೋರ್ ಕೀಪರ್ ತಲೆಗೆ ಬಂತು.

"ಜಾಡಿಗಳು ಫಳಫಳ ಅನ್ಬೇಕು" ಎಂದರು ಪ್ರಿನ್ಸಿಪಾಲರು. ಅವರು ವಾಣಿಜ್ಯಶಾಸ್ತ್ರದವರು. ಹೊಳೆಯದ ಸರಕು ಮಾರಾಟವಾಗುವುದಿಲ್ಲ ಎಂದು ನಂಬಿದವರು. "ಒಂದು ಸಣ್ಣ ಸಮಾರಂಭ ಇಟ್ಕೊಂಡಿದೀನಿ. ಬಾಲದ ಕಪ್ಪೆ ಇದೆ ಅಂತ ಪತ್ರಿಕೆಯೋರಿಗೂ ಹೇಳಿದೀನಿ. ನಿಮ್ಮ ಹಳೇ ಮೇಷ್ಟ್ರೇ ಬಂದು ಬೀಳ್ಕೊಡ್ತಾರೆ."

ಸಂಜೆ ಮೇಷ್ಟ್ರ ಮಗಳೂ ಸ್ಟೋರಿಗೆ ಬಂದಳು. "ಅಣ್ಣಾ, ಅಪ್ಪ ಆ ಕಪ್ಪೆ ನೋಡೋಕೆ ಆಗಲೇ ಅಂಗಿ ಇಸ್ತ್ರಿ ಮಾಡಿಸಿಟ್ಕೊಂಡಿದಾರೆ. ಇನ್ನೊಂದ್ಸಲ ನೋಡ್ತಾರೋ ಇಲ್ವೋ. ಎದೆ ಸ್ವಲ್ಪ ವೀಕು. ಗಾಬರಿ ಆಗೋ ಅಂಥದ್ದೇನೂ ಆಗದ ಹಾಗೆ ನೋಡ್ಕೊಳ್ಳಿ."

ಮೇಷ್ಟ್ರ ಬಾಯಿಂದ ಅಂದಾಜಪ್ಪ "ಹೊರಗೆ ನಡಿ" ಕೇಳಿದ್ದ, "ಕಾಲು ನೋಡ್ಕೊಂಡು ನಡಿ" ಕೇಳಿದ್ದ. "ಸರಿಯಾಗಿದೆ ಕಣೋ" ಎಂಬ ಮಾತೊಂದನ್ನು ಮಾತ್ರ ಕೇಳಿರಲಿಲ್ಲ. ಕೇಳಲು ಇದೇ ಕಡೆಯ ಅವಕಾಶ ಎಂದು ಅವನಿಗೆ ಅನ್ನಿಸಿತು.

ಕೆಟ್ಟದ್ದೆಲ್ಲ ಒಳ್ಳೆಯ ಉದ್ದೇಶದಿಂದಲೇ ಶುರುವಾಗುತ್ತದೆ. ಮ್ಯೂಸಿಯಂ ಕೋಣೆಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲವಾದ್ದರಿಂದ ಅಂದಾಜಪ್ಪ ಬಾಲದ ಕಪ್ಪೆಯ ಜಾಡಿಯನ್ನು ಟವೆಲಿನಲ್ಲಿ ಸುತ್ತಿ ಮನೆಗೇ ತಂದ. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಜಾಡಿಯ ಹಳೆಯ ಸ್ಪಿರಿಟ್ಟು ಹಳದಿ ತಿರುಗಿತ್ತು. ಅದನ್ನು ಅಡುಗೆಮನೆಯ ಸಿಂಕಿಗೆ ಬಗ್ಗಿಸಿದ. ಕಪ್ಪೆ ಜಾರಿ ಬೀಳದಿರಲೆಂದು ಟೀ ಸೋಸುವ ಜಾಲರಿಯನ್ನು ಅಡ್ಡ ಹಿಡಿದ. ಕಪ್ಪೆಯನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಜಾಡಿಯನ್ನು ಉಜ್ಜಿ ತೊಳೆದು, ಹೊಸ ಸ್ಪಿರಿಟ್ಟು ತುಂಬಿ, ಮೇಷ್ಟ್ರು ಅಂಟಿಸಿದ್ದ ಚೀಟಿಯನ್ನು ಒರೆಸಿದ. 'ಬಾಲದ ಕಪ್ಪೆ' ಎಂದು ಮೇಷ್ಟ್ರ ದುಂಡು ಅಕ್ಷರ. ಆಗ, ಬದುಕಿನಲ್ಲಿ ಮೊದಲ ಸಲ, ಅವನು ಕಪ್ಪೆಯನ್ನು ನೋಡಿದ.

ಮುಂದೆ ನೋಡಿದ, ಹಿಂದೆ ನೋಡಿದ. ಮಗುಚಿ ನೋಡಿದ. ಬಾಲವಿರಲಿಲ್ಲ.

"ಲೇ!" ಎಂದು ಅವನು ಕೂಗಿದ ಕೂಗಿಗೆ ಹೆಂಡತಿ ಒದ್ದೆ ಲಂಗ ಹಿಡಿದುಕೊಂಡೇ ಓಡಿಬಂದಳು. "ಬಾಲ ಹೋಯ್ತು ಕಣೇ!"

ಹೆಂಡತಿ ಬಾಲವನ್ನು ನೋಡಲಿಲ್ಲ. ಸಿಂಕಿನಲ್ಲಿ ಬಿದ್ದಿದ್ದ ಜಾಲರಿಯನ್ನು ನೋಡಿದಳು, ಊಟದ ತಟ್ಟೆಯಲ್ಲಿ ಕೂತಿದ್ದ ಕಪ್ಪೆಯನ್ನು ನೋಡಿದಳು. "ಹೋಗಿರೋದು ಅದರ ಬಾಲ ಅಲ್ಲ, ನಿಮ್ಮ ತಲೆ" ಎಂದಳು. "ಇನ್ನು ಈ ಮನೇಲಿ ಯಾರಿಗೆ ಟೀ ಕೊಡ್ಲಿ ನಾನು?"

"ಟೀ ಹಾಳಾಗ್ಲಿ! ಮೇಷ್ಟ್ರು ಪ್ರಾಣ ಇಟ್ಕೊಂಡಿರೋ ಕಪ್ಪೆ. ಸಿಂಕಲ್ಲಿ ಹರ್ಕೊಂಡು ಹೋಯ್ತೋ ಏನೋ."

"ಎಷ್ಟುದ್ದ ಇತ್ತು?"

"ಅಂದಾಜು ಇಷ್ಟಿರ್ಬೋದು" ಎಂದು ಅಂದಾಜಪ್ಪ ಕಿರುಬೆರಳು ತೋರಿಸಿದ. ಒಂದು ನಿಮಿಷ ಯೋಚಿಸಿ ತೋರುಬೆರಳು ತೋರಿಸಿದ. ಹೆಂಡತಿ ಎಷ್ಟೇ ಬೈದರೂ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಕೆಳಗಿನ ಕೊಳವೆ ಬಿಚ್ಚಲು ಕೂತಳು. ಸಂಸಾರ ಎಂದರೆ ಹಾಗೆಯೇ. ಕೊಳವೆಯಲ್ಲಿ ಒಂದು ಚಮಚ, ಒಂದು ಅಂಗಿಗುಂಡಿ, ಮತ್ತು ಹೋದವರ್ಷ ಕಳೆದುಹೋಗಿ ಕೆಲಸದವಳ ಮೇಲೆ ಅನುಮಾನಕ್ಕೆ ಕಾರಣವಾಗಿದ್ದ ಕಿವಿಯೋಲೆಯ ತಿರುಪು ಸಿಕ್ಕವು. ಬಾಲ ಸಿಗಲಿಲ್ಲ.

ಅಷ್ಟರಲ್ಲಿ ಅಂದಾಜಪ್ಪನಿಗೆ ಇನ್ನೊಂದು ನೆನಪಾಯಿತು. ಅವನು ಜಾಡಿ ಉಜ್ಜುತ್ತಿದ್ದಾಗ ಎದುರುಮನೆಯ ಬೆಕ್ಕು ಕಿಟಕಿಯಲ್ಲಿ ಕೂತಿತ್ತು. ಈಗ ಅದು ಆ ಮನೆಯ ಅಜ್ಜಿಯ ಜಗಲಿಯಲ್ಲಿ ಮೀಸೆ ನೆಕ್ಕುತ್ತ ಮಲಗಿತ್ತು. ಅವನು ರಸ್ತೆ ದಾಟಿ ಹೋಗಿ ಎರಡು ಕೈ ಕಟ್ಟಿಕೊಂಡು ನಿಂತ.

"ಅಜ್ಜೀ, ತಪ್ಪು ತಿಳ್ಕೋಬೇಡಿ. ನಿಮ್ಮ ಬೆಕ್ಕು ಒಂದು ಬಾಲ ಏನಾದ್ರೂ ತಂತಾ?"

"ನಮ್ಮ ಬೆಕ್ಕಿಗೆ ಅದರದ್ದೇ ಬಾಲ ಇದೆ" ಎಂದಿತು ಅಜ್ಜಿ. "ಇನ್ನೊಬ್ಬರ ಬಾಲಕ್ಕೆ ಆಸೆ ಪಡೋ ವಂಶ ಅಲ್ಲ ನಮ್ಮದು."

"ಅಲ್ಲ, ತಿಂದಿದ್ರೆ ವಿಷ. ಸ್ಪಿರಿಟ್ಟಲ್ಲಿ ಇದ್ದ ಬಾಲ."

ವಿಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಬೆಕ್ಕನ್ನು ಬಗಲಲ್ಲಿ ಅವುಚಿಕೊಂಡು ಬೀದಿಗಿಳಿಯಿತು. "ಅಯ್ಯೋ, ಅಂದಾಜಪ್ಪ ನನ್ನ ಬೆಕ್ಕಿಗೆ ವಿಷ ಹಾಕಿದಾನೆ, ಬನ್ನಿ ಯಾರಾದ್ರೂ!" ಎಂದು ಕೂಗಿಕೊಂಡಾಗ ಕಂಡವರೆಲ್ಲ ಓಡಿಬಂದರು. ಒಬ್ಬರು ಬೆಕ್ಕಿನ ಬಾಯಿ ಬಿಡಿಸಿ ನೋಡಿ ಪರಚಿಸಿಕೊಂಡರು. ಇನ್ನೊಬ್ಬರು, ಬಾಲ ಕಳೆದವರು ಮೊದಲು ಪೊಲೀಸಿಗೆ ತಿಳಿಸಬೇಕಿತ್ತು ಎಂದರು. ಯಾರ ಬಾಲ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಈ ಗಲಾಟೆಯಲ್ಲಿ ಬೆಕ್ಕು ಒಂದು ಬಟ್ಟಲು ಹಾಲು ಕುಡಿದು ಮತ್ತೆ ನಿದ್ದೆಹೋಯಿತು.

ಮರುದಿನ ಅಂದಾಜಪ್ಪ ಬಾಲ ಮುದುರಿಕೊಂಡು ಪ್ರಿನ್ಸಿಪಾಲರ ಮುಂದೆ ನಿಂತು ಇದ್ದದ್ದನ್ನು ಹೇಳಿದ. ಪ್ರಿನ್ಸಿಪಾಲರು ಕನ್ನಡಕ ತೆಗೆದರು.

"ಬಾಲದ ಕಪ್ಪೇಲಿ ಬಾಲ ಕಳೆದ್ರೆ ಏನುಳಿಯತ್ತೆ?"

"ಕಪ್ಪೆ ಸಾರ್."

"ಬರೀ ಕಪ್ಪೆ ನಮ್ಮ ಟಾಯ್ಲೆಟ್ಟಲ್ಲೇ ಬೇಕಾದಷ್ಟಿವೆ! ಅದನ್ನ ಬೀಳ್ಕೊಡೋಕೆ ಸಮಾರಂಭ ಬೇಕೇನ್ರೀ? ನಾಳೆ ಮಧ್ಯಾಹ್ನದೊಳಗೆ ಬಾಲ ಇರ್ಬೇಕು. ಎಲ್ಲಿಂದ, ಹೇಗೆ ಅಂತ ನಾನು ಕೇಳಲ್ಲ."

ಎಲ್ಲಿಂದ ಹೇಗೆ ಎಂದು ಕೇಳದ ಅಧಿಕಾರಿಯ ಮಾತು ಅರ್ಧ ಅಪ್ಪಣೆ. ಅಂದಾಜಪ್ಪ ನೇರವಾಗಿ ಪಕ್ಕದ ಮನೆಯ ಟೈಲರ್ ಹತ್ತಿರ ಹೋದ. ಹರಿದ ಕೊಡೆಯಿಂದ ಹಿಡಿದು ನಾಟಕದವರ ಆನೆ ಸೊಂಡಿಲಿನವರೆಗೆ ಹೊಲಿದ ಕೈ ಅದು. ಟೈಲರ್ ಕಪ್ಪೆಯನ್ನು ಇಸ್ತ್ರಿ ಮೇಜಿನ ಮೇಲೆ ಬೋರಲು ಮಲಗಿಸಿ, ಕೊರಳಲ್ಲಿದ್ದ ಟೇಪು ತೆಗೆದು, ಭುಜದಿಂದ ಸೊಂಟದವರೆಗೆ ಅಳತೆ ತೆಗೆದುಕೊಂಡ.

"ಬಾಲ ಫಿಟ್ಟಿಂಗಿರ್ಲಾ, ಸ್ವಲ್ಪ ಲೂಸಿರ್ಲಾ?"

"ಅಂದಾಜು..." ಎಂದು ಬಾಯಿ ತೆರೆದ ಅಂದಾಜಪ್ಪ ಅದನ್ನು ಅಲ್ಲಿಗೇ ಮುಚ್ಚಿದ. "ನೀವೇ ನೋಡಿ ಹಾಕಿ. ಆದ್ರೆ ಹೊಲಿದಿದ್ದು ಗೊತ್ತಾಗಬಾರ್ದು. ಮೇಷ್ಟ್ರ ಎದೆ ವೀಕು."

"ನನ್ನ ಕೈಯಿ ಕಣ್ರೀ ಇದು. ಹುಟ್ಟಿಸಿದ ದೇವ್ರಿಗೂ ಗೊತ್ತಾಗಲ್ಲ."

ಟೈಲರ್ ಒಂದು ಹಳೆಯ ಪರ್ಸಿನ ಮೇಕೆ ಚರ್ಮ ಕತ್ತರಿಸಿ, ಒಳಗೆ ಚೂರು ಹತ್ತಿ ತುಂಬಿ, ಅರ್ಧ ಬೆರಳಿನಷ್ಟು ಬಾಲ ಮಾಡಿದ. ತುದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿಸಿದ. ಹಾಗಿದ್ದರೆ ಗತ್ತು ಎಂದ. ಕಪ್ಪೆ ಜಾಡಿಗೆ ಇಳಿದಾಗ ಅದರ ಗತ್ತು ನಿಜವಾಗಿಯೂ ಬೇರೆಯಾಗಿತ್ತು. ಹೆಂಡತಿ ನೋಡಿ, "ಮೊದಲಿಗಿಂತ ಲಕ್ಷಣವಾಗಿದೆ" ಎಂದಳು. ಅಂದಾಜಪ್ಪ ಬಾಲ ಹೋದ ಮೇಲೆ ಮೊದಲ ಸಲ ಊಟ ಮಾಡಿದ.

ಮ್ಯೂಸಿಯಂ ಕೋಣೆಯಲ್ಲೇ ನಡೆದ ಸಮಾರಂಭಕ್ಕೆ ನಿರೀಕ್ಷೆಗಿಂತ ಹೆಚ್ಚು ಜನ ಸೇರಿದರು, ಏಕೆಂದರೆ ಬೀದಿಯೆಲ್ಲ ಬಾಲದ ಸುದ್ದಿ ಹರಡಿತ್ತು. ಹೆಂಡತಿ ಬಂದಳು, ಅಜ್ಜಿ ಬೆಕ್ಕಿನ ಸಮೇತ ಬಂದಿತು. ತನ್ನ ಕೈಗೆಲಸ ಜನರ ಮುಂದೆ ಹೇಗೆ ಕಾಣುತ್ತದೆಂದು ನೋಡಲು ಟೈಲರ್ ಬಾಗಿಲ ಹತ್ತಿರ ನಿಂತ. ಇಸ್ತ್ರಿ ಅಂಗಿ ತೊಟ್ಟ ಮೇಷ್ಟ್ರು ಮಗಳ ತೋಳು ಹಿಡಿದು ಒಳಗೆ ಬಂದರು. ತುಂಬ ಇಳಿದುಹೋಗಿದ್ದರು. ಹಳೆಯ ಅಂಗಿ ಅವರ ಮೇಲೆ ಬೇರೆ ಯಾರದೋ ಅಂಗಿಯಂತೆ ಜೋತಿತ್ತು. ಕರಿಹಲಗೆ ಕಂಡ ಕೂಡಲೇ ಅವರ ಬಲಗೈ ತಾನಾಗಿ ಸೀಮೆಸುಣ್ಣ ಹುಡುಕಿತು. ಬರಿದಾದ ಬೀರುಗಳನ್ನು ಒಂದೊಂದಾಗಿ ನೋಡಿದರು, ಕಿಟಕಿಯ ಕಟ್ಟೆಯನ್ನು ಒಮ್ಮೆ ಸವರಿದರು. ಅಂದಾಜಪ್ಪನಿಗೆ ಅಳು ಬಂತು. ಅದನ್ನು ಮರೆಸಲು ಜಾಡಿಯನ್ನು ಎತ್ತಿ ಅವರ ಮುಂದಿಟ್ಟ.

ಮೇಷ್ಟ್ರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎರಡೂ ಕೈಯಿಂದ ಜಾಡಿಯನ್ನು ಎದೆಯ ಹತ್ತಿರ ಎಳೆದುಕೊಂಡರು. ಪ್ರಿನ್ಸಿಪಾಲರು ಇದನ್ನು ಭಾವಾವೇಶ ಎಂದು ತಿಳಿದು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

"ಬಾಲ ಬಂದಿದೆ" ಎಂದರು ಮೇಷ್ಟ್ರು. "ಇದು ಹೆಣ್ಣು ಕಪ್ಪೆ. ನನ್ನ ಹೆಣ್ಣು ಕಪ್ಪೆಗೆ ಬಾಲ ಬಂದಿದೆ! ಪ್ರಾಣಿಶಾಸ್ತ್ರದಲ್ಲೇ ಇಂಥದ್ದು ಆಗಿಲ್ಲ. ಭೂತಗನ್ನಡಿ ಕೊಡಿ!"

ಭೂತಗನ್ನಡಿ ಬಂತು. ಮೇಷ್ಟ್ರು ಜಾಡಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು. ಕೋಣೆಯಲ್ಲಿ ಬೆಕ್ಕಿನ ಗುರುಗುರು ಬಿಟ್ಟರೆ ಸದ್ದಿಲ್ಲ.

"ಇದು ಕಾಜಾ ಹೊಲಿಗೆ ಅಲ್ವೇನಯ್ಯಾ?" ಎಂದರು.

"ಕಾಜಾ ಅಲ್ಲ ಸಾರ್, ಹೆಮ್ಮಿಂಗು!" ಎಂದ ಟೈಲರ್ ಬಾಗಿಲಿನಿಂದ. ಕಸುಬಿನ ಮರ್ಯಾದೆಯ ಪ್ರಶ್ನೆ ಬಂದಾಗ ಯಾವ ಕುಶಲಕರ್ಮಿಯೂ ಸುಮ್ಮನಿರಲಾರ.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನೆಂದರೆಂದು ಹೇಳುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಷ್ಟೇ ಕಷ್ಟ. ಪ್ರಿನ್ಸಿಪಾಲರು ತಮಗೆ ಏನೂ ಗೊತ್ತಿಲ್ಲವೆಂದರು. ಅಜ್ಜಿ, ಹಾಗಾದರೆ ನಮ್ಮ ಬೆಕ್ಕಿನ ಮಾನಕ್ಕೆ ಯಾರು ಹೊಣೆ ಎಂದಿತು. ಮಗಳು ತಂದೆಯ ಎದೆಯ ಮೇಲೆ ಕೈಯಿಟ್ಟಳು. ಅಂದಾಜಪ್ಪ ಮೆಲ್ಲಗೆ ಜಾರಿಕೊಂಡು ವರಾಂಡಕ್ಕೆ ಹೋದ. ಅಲ್ಲಿ ಅದೇ ಕಂಬ. ಹಳೆಯ ಜಾಗದಲ್ಲಿ ಹಾಗೆಯೇ ಒರಗಿ ನಿಂತ. ಮೇಷ್ಟ್ರಿಗೆ ಏನಾದರೂ ಆದರೆ ತಾನು ಬದುಕುವುದಿಲ್ಲ ಎಂದುಕೊಂಡ.

ಒಳಗಿನಿಂದ ವಿಚಿತ್ರವಾದ ಶಬ್ದ ಬಂತು. ಅವನು ಕಿವಿಗೊಟ್ಟ. ಅದು ನಗು. ಆ ಮೇಷ್ಟ್ರು ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲವಾದ್ದರಿಂದ ಗುರುತು ಹತ್ತುವುದು ತಡವಾಯಿತು.

"ಇದೇನು ಚರ್ಮಾನಪ್ಪಾ?" ಎಂದು ಮೇಷ್ಟ್ರು ಕೇಳುತ್ತಿದ್ದರು.

"ಮೇಕೇದು ಸಾರ್" ಎಂದ ಟೈಲರ್.

"ಹಾಗಾದ್ರೆ ಸೊಂಟದವರೆಗೆ ಉಭಯಚರ, ಸೊಂಟದ ಹಿಂದೆ ಸಸ್ತನಿ! ಇಷ್ಟು ದೂರದ ಸಂಬಂಧಾನ ಲೋಕದಲ್ಲಿ ಯಾವನೂ ಕೂಡಿಸಿರಲಿಲ್ಲ ಬಿಡು. ಎಲ್ಲಿ ಅವನು, ಅಂದಾಜಪ್ಪ?"

"ಹೊರಗೆ ನಿಂತಿದಾನೆ ಸಾರ್. ನಾನು ವಿವರಣೆ ಕೇಳ್ತೀನಿ" ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಬೀರುವನ್ನು ಹಿಡಿದುಕೊಂಡು, ಬೆಂಚನ್ನು ಹಿಡಿದುಕೊಂಡು ಬಾಗಿಲಿಗೆ ಬಂದರು. "ಅದು ಬಾಲಾನೇ ಅಲ್ಲ ಕಣೋ. ಗಂಡು ಕಪ್ಪೆಗೆ ಮಾತ್ರ ಇರೋ ಒಂದು ಅಂಗ. ಜನ ಬಾಲ ಅಂತ ಕರೆದ್ರು, ಹೆಸರು ಉಳೀತು. ಹೆಣ್ಣಿಗೆ ಇರಲ್ಲ ಅಂತ ಪಾಠದಲ್ಲಿ ಬಾಯಿ ನೋಯೋ ಹಾಗೆ ಹೇಳಿದ್ನಲ್ಲ. ಎಲ್ಲಿ ಹೋಗಿದ್ದೆ ಅವತ್ತು?"

"ಇಲ್ಲೇ ಇದ್ದೆ ಸಾರ್" ಎಂದ ಅಂದಾಜಪ್ಪ. "ನೀವು ಹೊರಗೆ ಕಳಿಸಿದ್ರಿ. ಒಳಗೆ ಕರೀಲೇ ಇಲ್ಲ."

ಮೇಷ್ಟ್ರು ಕಂಬವನ್ನು ನೋಡಿದರು. ಕಂಬಕ್ಕೆ ಒರಗಿ ನಿಂತಿದ್ದ, ಕಿವಿಯ ಮೇಲೆ ಕೂದಲು ನರೆತ ಹುಡುಗನನ್ನು ನೋಡಿದರು. ಅವರ ಮುಖದ ನಗು ಮೆಲ್ಲಗೆ ಇಳಿದುಹೋಯಿತು.

"ಕರೀಲಿಲ್ವೇನೋ?" ಎಂದರು. "ಬಾ. ಒಳಗೆ ಬಾ. ಕೂತ್ಕೋ."

ಅಂದಾಜಪ್ಪ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಹೆಂಡತಿ ಪಕ್ಕದಲ್ಲಿ ಕೂತಳು. ಮೇಷ್ಟ್ರು ಪ್ರಿನ್ಸಿಪಾಲರ ಕಡೆ ಬೆರಳು ತೋರಿಸಿದಾಗ ಅವರೂ ಕೂತರು. ಆಮೇಲೆ ಮೇಷ್ಟ್ರು ಕಪ್ಪೆಯನ್ನು ಜಾಡಿಯಿಂದ ಎತ್ತಿ, ಜೇಬಿನಿಂದ ಸಣ್ಣ ಚಿಮಟ ತೆಗೆದು, ಕಪ್ಪೆಗೆ ನೋವಾಗುವುದೇನೋ ಎಂಬಂತೆ ಒಂದೊಂದೇ ದಾರ ಬಿಡಿಸುತ್ತ ಪಾಠ ಶುರುಮಾಡಿದರು. ಲೋಕದ ಕಪ್ಪೆಗಳೆಲ್ಲ ಮುಂದೆ ಹೋದದ್ದು. ಇವು ವಟಗುಟ್ಟದೆ ಹಿಂದೆ ಉಳಿದದ್ದು. "ಬಾಲ ಹೋಗಿದೆ, ಆಡಿಸೋ ಸ್ನಾಯು ಮಾತ್ರ ಉಳಿದಿದೆ" ಎನ್ನುವಾಗ ಅವರು ತಮ್ಮ ಖಾಲಿ ಬಲಗೈಯನ್ನು ಎತ್ತಿ ನೋಡಿಕೊಂಡು, "ನನ್ನ ಹಾಗೇ" ಎಂದರು. ಯಾರೂ ನಗಲಿಲ್ಲ. ಮಗಳು ಕಿಟಕಿಯ ಕಡೆ ತಿರುಗಿಕೊಂಡಳು.

"ಬೆನ್ನುಮೂಳೆ ಎಷ್ಟು?"

"ಒಂಬತ್ತು ಸಾರ್" ಎಂದ ಅಂದಾಜಪ್ಪ, ಎದ್ದುನಿಂತು.

"ಸರಿ. ಈ ಎರಡು ಜಾಡಿ ಒಂದೇ ಕುಟುಂಬವೋ, ಎರಡೋ?"

ಅಂದಾಜಪ್ಪ ಎರಡು ಜಾಡಿಗಳನ್ನೂ ನೋಡಿದ. ಅವನ್ನು ಆಚೆಗೂ ಈಚೆಗೂ ಹೊತ್ತ ಸಂಜೆಗಳು, ಕಿಟಕಿ ಕಟ್ಟೆ, ಟೀ ಲೋಟ ಎಲ್ಲ ಕಣ್ಣ ಮುಂದೆ ಬಂದವು. ಬೇಡ ಬೇಡವೆಂದರೂ ಹಳೆಯ ಮಾತೇ ನಾಲಿಗೆಗೆ ಬಂತು. "ಅಂದಾಜು... ಒಂದೇ ಸಾರ್."

ಮೇಷ್ಟ್ರು ಕೊನೆಯ ದಾರ ಎಳೆದು, ಕಪ್ಪೆಯನ್ನು ಜಾಡಿಗಿಳಿಸಿ, ಹಿಂದಿನ ಬೆಂಚಿನವರೆಗೆ ಬಂದು, ಮೇಕೆಯ ಬಾಲವನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

"ದೊಡ್ಡ ದೊಡ್ಡವರದ್ದೂ ಇನ್ನೂ ಅಂದಾಜೇ ಕಣೋ" ಎಂದರು. "ನನ್ನ ಅಂದಾಜೂ ಅದೇ. ಸರಿಯಾಗಿದೆ."

ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಅಂದಾಜಪ್ಪ ಎರಡು ಜಾಡಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಇಟ್ಟು, ನಡುವೆ ಹುಲ್ಲು ತುಂಬಿ, ಎತ್ತಿಕೊಂಡು ನಡೆದ. ಬಾಗಿಲು ದಾಟುವಾಗ ಹಿಂದಿನಿಂದ "ಕಾಲು ನೋಡ್ಕೊಂಡು ನಡಿ" ಎಂದು ಕೇಳಿಸಿತು. ಅವನು ಕಾಲು ನೋಡಿಕೊಳ್ಳಲು ಪ್ರಯತ್ನಪಟ್ಟ, ಆದರೆ ಕಣ್ಣು ತುಂಬಿದ್ದರಿಂದ ಅಂದಾಜಿನ ಮೇಲೆಯೇ ಮೆಟ್ಟಿಲಿಳಿದ.